ಅದು ಬಾಸು ಚಟರ್ಜಿ ಸಿನಿಮಾ ಅಲ್ರೀ!

ನಿನ್ನೆ ಸಂಜೆ ಮನೆಯಲ್ಲಿ ಸುಸ್ಲಾ ತಿನ್ನುತ್ತಾ ಕೂತಿದ್ದಾಗ, 'ಕಥಾ' ಅಂತ ಹಳೇ ಹಿಂದಿ ಸಿನಿಮಾ ನೋಡಿದೆ, ಎಷ್ಟು ಚಂದ ಇದೆ ಅಂದೆ. ಕಾಕಾ ತಟ್ಟನೆ, "ಹೌದವ್ವಾ, ಬಾಸು ಚಟರ್ಜಿದು ಅಲ್ಲೇನು?" ಅಂದರು. ಮೈ ಉರಿಯಿತು ನೋಡಿ. ಕಲಬುರಗಿಯ ಟಾಕೀಸುಗಳಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಹಾಡು ಶುರುವಾಗುವ ಮೊದಲೇ ಸಂಗೀತ ಯಾರದು ಅಂತ ಹೇಳುತ್ತಾರೆ. ಅಲ್ಲ, ಅದರ ನಿರ್ದೇಶಕಿ ಸಾಯಿ ಪರಾಂಜಪೆ ಅಂದರೆ, "ಯಾರವ್ವಾ ಆಕಿ?"

ಕಾಕಾ ಒಬ್ಬರದೇ ಅಲ್ಲ ಈ ಕತೆ. ಮಧ್ಯಮವರ್ಗ, ತಿಳಿಹಾಸ್ಯ, ನಾಚಿಕೆ ಸ್ವಭಾವದ ಹುಡುಗ ಅಂದಕೂಡಲೇ ಎಲ್ಲರ ಬಾಯಲ್ಲೂ ನಿರ್ದೇಶಕರು ಅಂದರೆ ಹೃಷಿಕೇಶ್ ಮುಖರ್ಜಿ, ಬಾಸು ಚಟರ್ಜಿ. 'ಚಷ್ಮೆ ಬದ್ದೂರ್'ನಲ್ಲಿ ದೀಪ್ತಿ ನವಲ್ ಚಮ್ಕೋ ವಾಷಿಂಗ್ ಪೌಡರ್ ಮಾರಲು ಬರುವ ಸೀನು ನೆನಪಿದೆ. ಅದನ್ನು ತೆಗೆದಾಕೆ ಇದೇ ಸಾಯಿ, ಆ ಹೆಸರು ಮಾತ್ರ ಮರೆತುಹೋಗುತ್ತದೆ! 2013ರಲ್ಲಿ ಅದರ ರಿಮೇಕೂ ಬಂತು.

'ಕಥಾ' 1983ರದ್ದು. ಎಸ್. ಜಿ. ಸಾಠೆಯವರ ಮರಾಠಿ ನಾಟಕದಿಂದ ಬಂದದ್ದು. ಆಮೆ-ಮೊಲದ ಓಟವನ್ನೇ ಒಂದು ಚಾಳ್‌ಗೆ, ಅಂದರೆ ಸಾಲು ಖೋಲಿಗಳ ವಠಾರಕ್ಕೆ, ತಂದು ಬಿಟ್ಟಿದ್ದಾರೆ. ಆಮೆ ನಾಸಿರುದ್ದೀನ್ ಶಾ, ಗುಮಾಸ್ತ ರಾಜಾರಾಮ. ಪಕ್ಕದ ಮನೆಯ ಸಂಧ್ಯಾಗೆ ಮನಸ್ಸಿನ ಮಾತು ಹೇಳಲು ಬಾಯೇ ಬರಲ್ಲ. ಮೊಲ ಫಾರೂಕ್ ಶೇಖ್, ಅಂದರೆ ಬಾಶು. ಬಂದು ರಾಜಾರಾಮನ ಖೋಲಿಯಲ್ಲೇ ಠಿಕಾಣಿ ಹೂಡಿ, ಸುಳ್ಳಿನ ಮೇಲೆ ಸುಳ್ಳು ಪೋಣಿಸಿ, ಅವನ ಆಫೀಸಿಗೂ ನುಗ್ಗಿ, ಸಂಧ್ಯಾಳನ್ನೂ ಒಲಿಸಿಕೊಳ್ಳುತ್ತಾನೆ. ನಿಜ ಹೇಳಲಾ? ನನಗೂ ಬಾಶುನೇ ಇಷ್ಟವಾದ. ಮೋಸಗಾರ ಅಂತ ಗೊತ್ತಿದ್ದೂ! ಅಲ್ಲೇ ಇರೋದು ಸಾಯಿಯವರ ಜಾಣತನ. ಸಂಧ್ಯಾ ದಡ್ಡಿ ಅಂತ ನಾವು ನಗೋ ಹಾಗೇ ಇಲ್ಲ.

ಮದುವೆ ಅನ್ನುವಷ್ಟರಲ್ಲಿ ಬಾಶು ಕಾಲ್ಕೀಳುತ್ತಾನೆ. ಆಮೇಲೆ ಸಂಧ್ಯಾ ತನ್ನ ಮತ್ತು ಬಾಶುವಿನ ಸಂಬಂಧ ಎಲ್ಲಿಯವರೆಗೆ ಹೋಗಿತ್ತು ಅಂತ ರಾಜಾರಾಮನಿಗೆ ಹೇಳಿಬಿಡುತ್ತಾಳೆ. ಅವನು ಅದನ್ನು ದೊಡ್ಡದು ಮಾಡುವುದೇ ಇಲ್ಲ. ಬೇರೆ ಯಾರಾದರೂ ನಿರ್ದೇಶಕರು ಆಗಿದ್ದರೆ ಅಲ್ಲಿ ಮಳೆ ಸುರಿಸಿ, ಆಕೆಯನ್ನು ಬಾವಿಗೆ ಹಾರಿಸುತ್ತಿದ್ದರು.

"ಸಿನಿಮಾ ಚಂದಿದ್ರ ಸಾಕವ್ವಾ, ಗಂಡಸು ತೆಗದ್ರೇನು, ಹೆಂಗಸು ತೆಗದ್ರೇನು?" ಅಂದರು ಕಾಕಾ. ಸರಿ. ಹಾಗಾದರೆ ಗಂಡಸರ ಹೆಸರೇ ಯಾಕೆ ಬಾಯಿಪಾಠ? ಪುಣೆ ರೇಡಿಯೋ, ರಾಷ್ಟ್ರೀಯ ನಾಟಕ ಶಾಲೆ, ದೆಹಲಿ ದೂರದರ್ಶನ ಎಲ್ಲ ದಾಟಿ ಬಂದಾಕೆ ಸಾಯಿ. ಅವರದೇ ಸಿನಿಮಾ 'ಸ್ಪರ್ಶ್'ಗೂ, 'ಕಥಾ'ಗೂ ಅತ್ಯುತ್ತಮ ಹಿಂದಿ ಚಿತ್ರದ ರಾಷ್ಟ್ರಪ್ರಶಸ್ತಿ, 2006ರಲ್ಲಿ ಪದ್ಮಭೂಷಣ. ಪ್ರಶಸ್ತಿ ಕೊಟ್ಟವರಿಗೆ ಹೆಸರು ಗೊತ್ತು, ಸಿನಿಮಾ ಹುಚ್ಚರಿಗೆ ಗೊತ್ತಿಲ್ಲ ಅಂದ್ರೆ ಏನ್ ಹೇಳೋದು.

ಒಂದೇ ಒಂದು ತಕರಾರು ನನ್ನದು: ರಾಜಾರಾಮ ಅಷ್ಟೊಂದು ಮೆತ್ತಗಿರಬಾರದಿತ್ತು. ಬಾಶು ಕಪಾಳಕ್ಕೆ ಒಂದಾದರೂ ಬೀಳಬೇಕಿತ್ತು. ರಾಜಾರಾಮನ ಪರ ವಾದ ಮಾಡೋರು ಯಾರಾದ್ರೂ ಇದ್ರೆ ಕೆಳಗೆ ಕಾಮೆಂಟಿಗೆ ಬನ್ನಿ, ನಾನು ರೆಡಿ.