ಹದಿನೈದು ನಿಮಿಷದ ಸಭೆ, ಹನ್ನೆರಡು ಗಂಟೆಯ ದಿನ

ಐಟಿಯವರ ದುಡಿಮೆಯ ದಿನವನ್ನು ಒಂಚೂರು ಹಿಗ್ಗಿಸಬೇಕು ಎಂಬ ಆಸೆ ನಮ್ಮ ಸರ್ಕಾರಕ್ಕೆ ಆಗಾಗ ಬರುತ್ತದೆ. 2024ರ ಜುಲೈನಲ್ಲಿ ಹದಿನಾಲ್ಕು ಗಂಟೆಯ ಗುಲ್ಲೆದ್ದು ತಣ್ಣಗಾಯಿತು. 2025ರ ಜೂನ್‌ನಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದಿ ದಿನಕ್ಕೆ 10 ಗಂಟೆ, ಓಟಿ (ಹೆಚ್ಚುವರಿ ದುಡಿಮೆ) ಸೇರಿದರೆ 12 ಗಂಟೆ ಮಾಡುವ ಪ್ರಸ್ತಾವ ಬಂತು. ಮೂರು ತಿಂಗಳಿಗೆ 50 ಗಂಟೆಯಿದ್ದ ಓಟಿ ಮಿತಿ 144ಕ್ಕೆ ಏರಬೇಕಂತೆ. ನೌಕರರ ಸಂಘ ಪ್ರತಿಭಟಿಸಿತು. ಆರೋಗ್ಯ, ಸಂಸಾರ, ನಿದ್ದೆ ಅಂತೆಲ್ಲ ಚರ್ಚೆಯಾಯಿತು. ಈಗಿರುವ ಒಂಬತ್ತು ಗಂಟೆ ಎಲ್ಲಿ ಸೋರಿಹೋಗುತ್ತಿದೆ ಅಂತ ಮಾತ್ರ ಸಚಿವರೂ ಕೇಳಲಿಲ್ಲ, ಕಂಪನಿಗಳೂ ಹೇಳಲಿಲ್ಲ.

ಉತ್ತರ ಯಾವ ಸಾಫ್ಟ್‌ವೇರ್ ಎಂಜಿನಿಯರನ ಕ್ಯಾಲೆಂಡರ್ ತೆರೆದರೂ ಸಿಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್, ಅಂದರೆ ಇಡೀ ತಂಡದ ದಿನದ ಪುಟ್ಟ ಸಭೆ. ಅದರಲ್ಲಿ ಮುಗಿಯದ್ದಕ್ಕೆ ಹತ್ತೂಮುಕ್ಕಾಲಿಗೆ 'ಕ್ವಿಕ್ ಸಿಂಕ್'. ಹನ್ನೊಂದೂವರೆಗೆ ಮುಂದಿನ ಕೆಲಸಗಳ ಪಟ್ಟಿ ತಿದ್ದುವ ಗ್ರೂಮಿಂಗ್. ಊಟವಾದ ಮೇಲೆ ನಾಳಿನ ಗ್ರೂಮಿಂಗ್‌ಗೆ ಪ್ರೀ-ಗ್ರೂಮಿಂಗ್. ನಾಲ್ಕಕ್ಕೆ ಎಲ್ಲ ತಂಡಗಳ ಪ್ರತಿನಿಧಿಗಳು ಸೇರುವ ಸ್ಕ್ರಮ್ ಆಫ್ ಸ್ಕ್ರಮ್ಸ್. ರಾತ್ರಿ ಒಂಬತ್ತಕ್ಕೆ ಅಮೆರಿಕದವರು. ನಡುನಡುವೆ ಅರ್ಧರ್ಧ ಗಂಟೆಯ ಸಂದು. ಆ ಸಂದಿನಲ್ಲಿ ಕೋಡ್ ತೆರೆದು, ನಿನ್ನೆ ಎಲ್ಲಿಗೆ ಬಿಟ್ಟಿದ್ದೆ ಅಂತ ನೆನಪು ಮಾಡಿಕೊಂಡು, ತಪ್ಪು ಹುಡುಕುವ ಡಿಬಗ್ಗರ್ ಹಚ್ಚುವಷ್ಟರಲ್ಲಿ ಮುಂದಿನ ಮೀಟಿಂಗಿನ ಟಿಣ್ ಸದ್ದು. ಹಾಗಾಗಿ ಸರ್ಕಾರವನ್ನು ಬೈಯುವುದು ಸರಿಯಲ್ಲ. ಅದರದು ದೂರದೃಷ್ಟಿ. ಕೆಲಸದ ಬಗ್ಗೆ ಮಾತಾಡಲು ಒಂಬತ್ತು ಗಂಟೆ, ಕೆಲಸ ಮಾಡಲು ಮೂರು ಗಂಟೆ, ಒಟ್ಟು ಹನ್ನೆರಡು. ಲೆಕ್ಕ ಸರಿಯಾಗಿಯೇ ಇದೆ.

ಇಷ್ಟಕ್ಕೂ ಸಾಫ್ಟ್‌ವೇರ್ ಕಟ್ಟುವ ಈ ಪದ್ಧತಿಗೆ ಇಟ್ಟಿರುವ ಹೆಸರು ಅಜೈಲ್, ಅಂದರೆ ಚುರುಕು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಸ್ಕೀ ರೆಸಾರ್ಟಿನಲ್ಲಿ 17 ಜನ ಕಲೆತು ಒಂದು ಪ್ರಣಾಳಿಕೆ ಬರೆದರು. ಪ್ರಕ್ರಿಯೆ, ಸಾಧನ ಎಲ್ಲ ಇರಲಿ, ಅವಕ್ಕಿಂತ ಜನ ಮತ್ತು ಜನರ ನಡುವಿನ ಮಾತುಕತೆ ಮುಖ್ಯ ಎಂಬುದು ಅದರ ಮೊದಲ ಸಾಲಿನ ತಾತ್ಪರ್ಯ. ಜೊತೆಗೆ 12 ತತ್ವಗಳಿವೆ. ಅವುಗಳಲ್ಲೊಂದು, ಮಾಡದೇ ಉಳಿಸಿದ ಕೆಲಸವನ್ನು ಆದಷ್ಟು ಹೆಚ್ಚಿಸುವ ಕಲೆಯೇ ಸರಳತೆ ಎನ್ನುತ್ತದೆ. ಮಿಕ್ಕ ಹನ್ನೊಂದರ ಗತಿ ಏನಾಯಿತೋ, ಬೆಳ್ಳಂದೂರಿನಿಂದ ವೈಟ್‌ಫೀಲ್ಡ್‌ವರೆಗೆ ಇದೊಂದನ್ನು ಅಕ್ಷರಶಃ ಪಾಲಿಸಲಾಗುತ್ತಿದೆ. ಸಂಜೆ ಆರರ ಹೊತ್ತಿಗೆ ಮಾಡದೇ ಉಳಿದ ಕೆಲಸ ಬೇಕಾದಷ್ಟಿರುತ್ತದೆ.

ಮೊದಲು ಸ್ಟ್ಯಾಂಡಪ್ ವಿಚಾರ. ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್‌ನ ಮಾರ್ಗಸೂಚಿಯ ಪ್ರಕಾರ ಅದಕ್ಕೆ 15 ನಿಮಿಷ, ತಂಡದಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಜನ. ನಮ್ಮಲ್ಲಿ 23 ಜನ ಇರುತ್ತಾರೆ. ತಲೆಗೆ ಎರಡು ನಿಮಿಷ ಹಿಡಿದರೆ 46 ನಿಮಿಷ. ಅದಕ್ಕೂ ಮುಂಚಿನ ನಾಲ್ಕು ನಿಮಿಷ "ಆಡಿಬಲ್ ಇದೀನಾ?"ಗೆ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮುಕ್ಕಾಲು ಗಂಟೆಯನ್ನು 23ರಿಂದ ಗುಣಿಸಿದರೆ ದಿನಕ್ಕೆ ಹದಿನೇಳು ಗಂಟೆ ಚಿಲ್ಲರೆ, ಎರಡು ವಾರದ ಸ್ಪ್ರಿಂಟ್ ಎಂಬ ಕೆಲಸದ ಕಂತಿನ ಹತ್ತು ದಿನಕ್ಕೆ 172 ಗಂಟೆ. ಒಬ್ಬ ಎಂಜಿನಿಯರನ ಒಂದು ತಿಂಗಳ ದುಡಿಮೆಯನ್ನು ಹದಿನೈದು ದಿನಕ್ಕೊಮ್ಮೆ "ನೋ ಬ್ಲಾಕರ್ಸ್" (ಅಡ್ಡಿಯೇನಿಲ್ಲ) ಎಂಬ ಎರಡು ಪದಕ್ಕೆ ಆಹುತಿ ಕೊಡುತ್ತಿದ್ದೇವೆ. ಕ್ಲೈಂಟಿಗೆ ಇದರ ಬಿಲ್ಲೂ ಹೋಗುತ್ತದೆ ಎನ್ನುವುದು ಬೇರೆ ಮಾತು. ಕಂಪನಿಗಳಿಗೆ ಈ ಮುಕ್ಕಾಲು ಗಂಟೆ ಯಾಕೆ ನೋಯುವುದಿಲ್ಲ ಎಂಬುದಕ್ಕೂ ಅಲ್ಲೇ ಉತ್ತರವಿದೆ.

ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ನೋಡಿದವರಿಗೆ ಸ್ಟ್ಯಾಂಡಪ್ ಅರ್ಥ ಮಾಡಿಸುವುದು ಸುಲಭ. ವೇದಿಕೆಯ ಮೇಲೆ ಶಾಸಕರು. ಕೆಳಗೆ ಕೃಷಿ, ಅರಣ್ಯ, ರೇಷ್ಮೆ, ಕುಡಿಯುವ ನೀರು, ಸಮಾಜ ಕಲ್ಯಾಣ. ಎಲ್ಲರ ತೊಡೆಯ ಮೇಲೂ ಅನುಪಾಲನಾ ವರದಿ. ಹೆಸರು ಕೂಗಿದಾಗ ಎದ್ದು ನಿಂತು "ಕಾಮಗಾರಿ ಪ್ರಗತಿಯಲ್ಲಿದೆ ಸಾರ್" ಅನ್ನಬೇಕು, ಕೂರಬೇಕು. ರೇಷ್ಮೆಯವರು ಹೇಳಿದ್ದನ್ನು ಅರಣ್ಯದವರು ಕೇಳಿಸಿಕೊಳ್ಳುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಎಲ್ಲರ ಕಣ್ಣೂ ವೇದಿಕೆಯ ಕಡೆಗೆ. ಸಾಹೇಬರು ಬಾರದ ಇಲಾಖೆಯಿಂದ ಒಬ್ಬ ಗುಮಾಸ್ತ ಬಂದು ಬೈಸಿಕೊಂಡು ಹೋಗುತ್ತಾನೆ. "ಮುಂದಿನ ಸಭೆಯೊಳಗೆ ಮುಗಿಸಬೇಕು" ಎಂಬ ಸೂಚನೆಯೊಂದಿಗೆ ವಿಷಯ ಮುಂದಿನ ಸಭೆಗೆ ಹೋಗುತ್ತದೆ. 'ಪ್ರಗತಿಯಲ್ಲಿದೆ' ಇದ್ದಲ್ಲಿ 'ಇನ್ ಪ್ರೋಗ್ರೆಸ್' ಹಾಕಿ, ಶಾಸಕರ ಜಾಗಕ್ಕೆ ಡೆಲಿವರಿ ಮ್ಯಾನೇಜರನ್ನು ಕೂರಿಸಿ, ಮುಗಿಯಿತು. ಒಂದೇ ವ್ಯತ್ಯಾಸ: ಕೆಡಿಪಿ ಮೂರು ತಿಂಗಳಿಗೊಮ್ಮೆ ನಡೆಯಬೇಕಾದದ್ದು, ಬಿಸ್ಕತ್ತೂ ಕೊಡುತ್ತಾರೆ.

ಮಾರ್ಗಸೂಚಿ ಈ ಸಭೆಯನ್ನು ಡೆವಲಪರ್‌ಗಳಿಗಾಗಿ ಇಟ್ಟಿದೆ, ಮ್ಯಾನೇಜರಿಗೆ ವರದಿ ಒಪ್ಪಿಸಲಿಕ್ಕಲ್ಲ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನು ಅಡ್ಡಿ ಎಂಬ ಮೂರು ಪ್ರಶ್ನೆಗಳನ್ನು 2020ರ ಪರಿಷ್ಕರಣೆಯಲ್ಲಿ ತೆಗೆದೇ ಹಾಕಿದರು. ಆ ಸುದ್ದಿ ಸಿಲ್ಕ್‌ಬೋರ್ಡ್ ದಾಟಿ ಬಂದಿಲ್ಲ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು. ಎರಡು ದಿನದ ತರಬೇತಿಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ತಂದ, ಈ ಸಭೆ ನಡೆಸುವ ಸ್ಕ್ರಮ್ ಮಾಸ್ಟರ್ ಇನ್ನೂ ಹಾಜರಿ ಪಟ್ಟಿ ಇಟ್ಟುಕೊಂಡು ಅಕಾರಾದಿಯಾಗಿ ಹೆಸರು ಕೂಗುತ್ತಿದ್ದಾರೆ. ಅಭಿಷೇಕ್ ಹೇಳಿ ಮುಗಿಸಿ ಮ್ಯೂಟ್ ಮಾಡಿ ಕಾಫಿಗೆ ಹೋಗಿರುತ್ತಾನೆ. ಯೋಗೀಶ್ ನಲವತ್ತು ನಿಮಿಷ ತನ್ನ ಸಾಲನ್ನೇ ಮನಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಕೂತಿರುತ್ತಾನೆ. ಅಭಿಷೇಕ್ ನಿನ್ನೆ ಬದಲಾಯಿಸಿದ ಎಪಿಐಯಿಂದ (ಎರಡು ಪ್ರೋಗ್ರಾಂಗಳ ನಡುವಿನ ಕೊಂಡಿ) ಯೋಗೀಶನ ಮಾಡ್ಯೂಲ್ ಮಧ್ಯಾಹ್ನ ಒಡೆಯಲಿದೆ ಎಂಬುದು ಇಬ್ಬರಿಗೂ ಮಧ್ಯಾಹ್ನವೇ ಗೊತ್ತಾಗುತ್ತದೆ. ಆ ಒಂದು ವಿಷಯ ಬೆಳಿಗ್ಗೆಯೇ ಗೊತ್ತಾಗಲಿ ಅಂತಲೇ ಅಲ್ಲವೇ ಈ ಸಭೆ ಇಟ್ಟಿದ್ದು?

ನೆಟ್ಟಗೆ ನಡೆಸುವುದು ಬ್ರಹ್ಮವಿದ್ಯೆಯೇನಲ್ಲ. ಜನರ ಹೆಸರು ಕೂಗುವುದು ಬಿಟ್ಟು, ಒಂದೊಂದು ಕೆಲಸವೂ ಒಂದೊಂದು ಟಿಕೆಟ್ ಆಗಿ ಎಡದಿಂದ ಬಲಕ್ಕೆ ಸರಿಯುವ ಬೋರ್ಡನ್ನು ಬಲದಿಂದ ಎಡಕ್ಕೆ ಓದಬೇಕು. ಮುಗಿಯಲು ಹತ್ತಿರವಿರುವ ಟಿಕೆಟ್ ಮೊದಲು, ಈಗಷ್ಟೇ ಶುರುವಾದದ್ದು ಕೊನೆಗೆ. ಒಂದೊಂದಕ್ಕೂ ಒಂದೇ ಪ್ರಶ್ನೆ: ಇದು 'ಡನ್' ಆಗಲು ಏನು ಬಾಕಿ, ಯಾರು ಕೈಹಚ್ಚುತ್ತಾರೆ? ಕೋಡ್ ರಿವ್ಯೂನಲ್ಲಿ ಮೂರು ದಿನದಿಂದ ಕೊಳೆಯುತ್ತಿರುವ ಟಿಕೆಟ್ ಹೀಗೆ ಓದಿದರೆ ಒಂದು ನಿಮಿಷದಲ್ಲಿ ಬಯಲಾಗುತ್ತದೆ. ಹೆಸರು ಕೂಗಿದರೆ ಬಯಲಾಗುವುದೇ ಇಲ್ಲ, ಏಕೆಂದರೆ ಅದು ಯಾರ ಹೆಸರಿನಲ್ಲೂ ಇರುವುದಿಲ್ಲ. ಇಬ್ಬರ ನಡುವೆ ವಾದ ಹತ್ತಿಕೊಂಡಿತೋ, ಅವರಿಬ್ಬರು ಸಭೆ ಮುಗಿದ ಮೇಲೆ ಉಳಿಯಲಿ, ಮಿಕ್ಕವರು ಹೋಗಲಿ. ಜನ ಜಾಸ್ತಿಯಿದ್ದರೆ ತಂಡವನ್ನೇ ಒಡೆಯಿರಿ. ಆದರೆ ತಂಡ ಒಡೆದರೆ ಮ್ಯಾನೇಜರು 'ಇಪ್ಪತ್ಮೂರು ಜನರನ್ನು ಲೀಡ್ ಮಾಡುತ್ತೇನೆ' ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳುವುದು ಹೇಗೆ?

ಸ್ಪ್ರಿಂಟಿನ ಕೆಲಸ ಅಂದಾಜು ಮಾಡುವ ಪ್ಲಾನಿಂಗ್‌ನಲ್ಲಿ ಪ್ಲಾನಿಂಗ್ ಪೋಕರ್ ಎಂಬ ಇಸ್ಪೀಟು ಆಡಿಸುತ್ತಾರೆ. ಎಲೆಗಳ ಮೇಲೆ 1, 2, 3, 5, 8, 13, ಆಮೇಲೆ 20, 40, 100. ಕೆಲಸ ದೊಡ್ಡದಾದಷ್ಟೂ ಅಂದಾಜು ಮಸುಕಾಗುತ್ತದೆ, ಅದಕ್ಕೇ ಅಂಕಿಗಳ ನಡುವಿನ ಅಂತರವೂ ಅಗಲವಾಗುತ್ತದೆ. ಎಲ್ಲ ಎಂಬಿಎಗಳೂ ಇದನ್ನು (ಹದಿಮೂರರವರೆಗೆ, ಹಿಂದಿನ ಎರಡು ಕೂಡಿದರೆ ಮುಂದಿನದು) ಫಿಬೊನಾಚಿ ಸರಣಿ ಎಂದು ಇಟಲಿಯ ಖಾತೆಗೆ ಜಮೆ ಮಾಡುತ್ತಾರೆ. ಇಟಲಿಯ ಗಣಿತಜ್ಞ ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ. ಅದಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರ ಮುಂತಾದ ನಮ್ಮ ಛಂದಸ್ಸಿನವರು ಮಾತ್ರೆಗಳನ್ನು ಎಣಿಸುತ್ತಾ ಇಲ್ಲಿಗೇ ಬಂದು ತಲುಪಿದ್ದರು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ಬಿಡಿಸಿದ ಎಲ್ಲರೂ ಇದನ್ನು ತಮಗೆ ತಿಳಿಯದೇ ಮಾಡಿದ್ದಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯನ್ನು ತುಂಬಲು ಮೂರು ದಾರಿ, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಅನುಮಾನವಿದ್ದರೆ ನಾಲ್ಕರದ್ದನ್ನು ಕಾಗದದ ಮೇಲೆ ಬರೆದು ನೋಡಿ: ಎರಡು ಗುರು, ನಾಲ್ಕು ಲಘು, ಒಂದು ಗುರು ಎರಡು ಲಘುವಾದರೆ ಗುರು ಮೊದಲು, ನಡುವೆ, ಕೊನೆಗೆ ಅಂತ ಮೂರು. ಒಟ್ಟು ಐದು. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆಯಲ್ಲಿ 3 ಮತ್ತು 5, ವಾರ್ಧಕದ ಐದು ಮಾತ್ರೆಯ ಗಣದಲ್ಲಿ 8, ಎಲ್ಲವೂ ಪ್ಲಾನಿಂಗ್ ಪೋಕರ್‌ನ ಎಲೆಗಳೇ. ಷಟ್ಪದಿಯಲ್ಲಿ ಗಣದ ಮೊದಲಿಗೆ ಲಘುವಿನ ಮೇಲೆ ಗುರು ಬರಬಾರದು ಎಂಬ ಕಟ್ಟಳೆಯೂ ಇದೆ, ಹಾಗಾಗಿ ಕವಿ ಬಳಸುವ ದಾರಿಗಳು ಇನ್ನೂ ಕಡಿಮೆ. ಅಷ್ಟು ಕಟ್ಟಳೆ ಇಟ್ಟುಕೊಂಡೂ ನಮ್ಮ ಹಳಬರು ಸಾವಿರಾರು ಪದ್ಯ ಬರೆದರು. 

ನಮ್ಮ ಲೀಡುಗಳ ಕೈಗೆ ಬಂದ ಮೇಲೆ ಈ ಆಟದ ಗತಿ ನೋಡಿ. ಎಲ್ಲರೂ ಒಟ್ಟಿಗೇ ಎಲೆ ತಿರುಗಿಸಬೇಕು ಎಂಬುದೇ ಆಟದ ಜೀವ. ಹಿರಿಯರ ಅಂಕಿ ಕಿರಿಯರ ಬಾಯಿ ಮುಚ್ಚಿಸಬಾರದಲ್ಲ. ಅತಿ ಹೆಚ್ಚು ಹಾಕಿದವರು, ಅತಿ ಕಡಿಮೆ ಹಾಕಿದವರು ಇಬ್ಬರೇ ಕಾರಣ ಹೇಳಬೇಕು, ಮತ್ತೊಮ್ಮೆ ಎಲೆ ಹಾಕಬೇಕು. ಎರಡಕ್ಕೂ ಹದಿಮೂರಕ್ಕೂ ಜಗಳ ಬಿದ್ದಾಗಲೇ, 'ಅಯ್ಯೋ, ಹಳೇ ಡೇಟಾ ಮೈಗ್ರೇಟ್ ಮಾಡಬೇಕಲ್ಲ' ಎಂಬ ಮಾತು ಹೊರಗೆ ಬರುವುದು. ನಮ್ಮಲ್ಲಿ ಲೀಡು ಎಲೆ ಮುಟ್ಟುವ ಮೊದಲೇ "ಇದು ಈಸಿ ಇದೆ, ತ್ರೀ ಅಲ್ವಾ ಗಯ್ಸ್?" ಅಂದುಬಿಡುತ್ತಾರೆ. ಎಲ್ಲ ಎಲೆಗಳ ಮೇಲೂ ಮೂರು. ಆಮೇಲೆ ಎಲೆಯ ಮೇಲಿನ ಅಂಕಿಯ, ಅಂದರೆ ಸ್ಟೋರಿ ಪಾಯಿಂಟಿನ, ಒಂದೊಂದಕ್ಕೂ ಎಂಟು ಗಂಟೆ ಅಂತ ಎಕ್ಸೆಲ್‌ಗೆ ಇಳಿಸುತ್ತಾರೆ. ಗಂಟೆಯಲ್ಲೇ ಅಳೆಯುವುದಾದರೆ ಇಸ್ಪೀಟು ಯಾಕೆ ಬೇಕಿತ್ತು ಸ್ವಾಮಿ? ಅದರ ಮೇಲೆ ಎರಡು ತಂಡದ ವೆಲಾಸಿಟಿಯನ್ನು (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಪಾಯಿಂಟುಗಳು) ಅಕ್ಕಪಕ್ಕ ಇಟ್ಟು "ಆ ಟೀಮ್ 60 ಮಾಡ್ತಿದೆ, ನೀವ್ಯಾಕೆ 40?" ಅಂತ ಕೇಳುತ್ತಾರೆ. ಮುಂದಿನ ಸ್ಪ್ರಿಂಟಿನಿಂದ ಮೂರು ಐದಾಗುತ್ತದೆ, ಐದು ಎಂಟಾಗುತ್ತದೆ, ಅಷ್ಟೇ ಕೋಡಿಗೆ 64 ಬರುತ್ತದೆ, ಮ್ಯಾನೇಜರಿಗೆ ಸ್ಪಾಟ್ ಅವಾರ್ಡ್. ಕೊನೆಯ ದಿನ ಮುಗಿಯದ ಟಿಕೆಟನ್ನು ಕುಯ್ದು 'ಪಾರ್ಟ್ 2' ಮಾಡಿ ಮೊದಲರ್ಧಕ್ಕೆ ಪಾಯಿಂಟ್ ಹಾಕಿಕೊಳ್ಳುವ ವಿದ್ಯೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸ್ನೋಬರ್ಡಿನ ಹದಿನೇಳರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟನ್ನು ಬಹುಶಃ ತಾನೇ ಕಂಡುಹಿಡಿದಿರಬೇಕು, ಹೌದಾದರೆ ಅದಕ್ಕೆ ಈಗ ವಿಷಾದವಿದೆ ಎಂಬರ್ಥದಲ್ಲಿ ಬರೆದಿದ್ದಾರೆ. ಅವರು ವಿಷಾದಿಸಿದರು, ನಾವು ಡ್ಯಾಶ್‌ಬೋರ್ಡ್ ಮಾಡಿದೆವು.

ದೊಡ್ಡ ಕಂಪನಿಗಳಲ್ಲಿ ಇದರ ಜಾತ್ರೆಯೂ ಉಂಟು. ಹಲವು ತಂಡಗಳು ಒಟ್ಟಿಗೆ ಕೂತು ಮಾಡುವ ಪಿಐ ಪ್ಲಾನಿಂಗ್ ಅಂತ, 8ರಿಂದ 12 ವಾರಕ್ಕೊಮ್ಮೆ ಎರಡು ದಿನ, 50ರಿಂದ 125 ಜನ. ಕೊನೆಗೆ ಪ್ಲಾನಿನ ಮೇಲೆ ಎಷ್ಟು ನಂಬಿಕೆಯಿದೆ ಅಂತ ಎಲ್ಲರೂ ಬೆರಳೆತ್ತಬೇಕು, ಐದು ಬೆರಳೆಂದರೆ ಪೂರ್ತಿ ನಂಬಿಕೆ. ಸರಾಸರಿ ಮೂರಕ್ಕಿಂತ ಕೆಳಗಿಳಿದರೆ ಪ್ಲಾನ್ ತಿದ್ದಬೇಕೆಂದು ನಿಯಮ. ವೈಸ್ ಪ್ರೆಸಿಡೆಂಟ್ ಎದುರಿಗಿದ್ದಾರೆ, ಶುಕ್ರವಾರ ಸಂಜೆ ಐದೂವರೆ, ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಎರಡು ಬೆರಳೆತ್ತುವ ಗಂಡೆದೆ ಯಾರಿಗಿದೆ?

ಇನ್ನು ರೆಟ್ರೊ. ಎರಡು ವಾರಕ್ಕೊಮ್ಮೆ ಕೂತು ಏನು ಕೆಟ್ಟಿತು, ಹೇಗೆ ಸರಿಮಾಡೋಣ ಅಂತ ಮನಸ್ಸು ಬಿಚ್ಚಿ ಮಾತಾಡುವ ಸಭೆ. ಹಳದಿ ಚೀಟಿ, ಹಸಿರು ಚೀಟಿ, ಚೀಟಿಯ ಮೇಲೆ ಇಮೋಜಿ. ಪ್ರತಿ ಸಲವೂ 'ಟೆಸ್ಟ್ ಸರ್ವರ್ ಬಿದ್ದಿರುತ್ತದೆ' ಎಂಬ ಒಂದು ಚೀಟಿ. ಪ್ರತಿ ಸಲವೂ ಅದಕ್ಕೆ ಆರು ಓಟು. ಪ್ರತಿ ಸಲವೂ 'ಕಮ್ಯುನಿಕೇಶನ್ ಇಂಪ್ರೂವ್ ಮಾಡಬೇಕು' ಎಂಬ ನಿರ್ಣಯ. ಸರ್ವರಿಗೆ ಕಮ್ಯುನಿಕೇಶನ್ ಸಮಸ್ಯೆಯಿಲ್ಲ, ಮೆಮೊರಿ ಸಾಲುತ್ತಿಲ್ಲ. 16 ಜಿಬಿ ಇದ್ದದ್ದನ್ನು 32 ಮಾಡಿಸಲು ಯಾರೋ ಒಬ್ಬರು ಅಪ್ರೂವಲ್ ಕೊಡಬೇಕು. ಆ ಒಬ್ಬರು ರೆಟ್ರೊದಲ್ಲೇ ಕೂತಿದ್ದಾರೆ, "ಗುಡ್ ಪಾಯಿಂಟ್" ಅನ್ನುತ್ತಿದ್ದಾರೆ.

ಇಲ್ಲಿ ನಗು ಬರುವುದಿಲ್ಲ. ವರ್ಷದ ಕೊನೆಗೆ ರೇಟಿಂಗ್ ಕೊಡುವವರು, ಪ್ರಾಜೆಕ್ಟ್ ಕೊಡದೆ ಬೆಂಚಿಗೆ ಹಾಕುವವರು, ಮೊದಲು ಯಾರನ್ನು ಕಳಿಸಬೇಕು ಎಂಬ ಪಟ್ಟಿಗೆ ಹೆಸರು ಕೊಡುವವರು ಎದುರಿಗೆ ಕೂತು "ಬಿ ಓಪನ್" ಅಂದರೆ ಗೃಹಸಾಲ ಕಟ್ಟುವವನು ಏನು ಬರೆಯಬೇಕು? ಬರೆದವರನ್ನು ಆಮೇಲೆ 'ನೆಗೆಟಿವ್' ಅನ್ನುತ್ತಾರೆ. ಒಂದೆರಡು ಸಲ ನೋಡಿದ ಮೇಲೆ ಎಲ್ಲರೂ 'ಟೀಮ್ ಸ್ಪಿರಿಟ್ ಚೆನ್ನಾಗಿತ್ತು' ಅಂತ ಹಸಿರು ಚೀಟಿ ಅಂಟಿಸಿ ಎದ್ದು ಹೋಗುತ್ತಾರೆ. ಇದನ್ನು ಸರಿಪಡಿಸಲು ಕೋಚ್ ಬೇಡ. ಮ್ಯಾನೇಜರು ಹೊರಗಿರಲಿ. ಮೊದಲ ಐದು ನಿಮಿಷ ಯಾರೂ ಮಾತಾಡದೆ ಬರೆಯಲಿ, ಓದುವಾಗ ತಂಡಕ್ಕೆ ಹೊಸಬರು ಮೊದಲು. ಒಂದೇ ಒಂದು ಕೆಲಸ ಆರಿಸಿ, ಅದಕ್ಕೊಂದು ಹೆಸರು, ಒಂದು ತಾರೀಕು ಬರೆದು, ಮುಂದಿನ ಸ್ಪ್ರಿಂಟಿನ ಬೋರ್ಡಿನಲ್ಲಿ ಬೇರೆ ಟಿಕೆಟ್‌ಗಳ ಜೊತೆಗೇ ಇಡಿ. ಮುಂದಿನ ರೆಟ್ರೊ ಶುರುವಾಗುವುದು ಆ ಟಿಕೆಟ್ ಮುಗಿಯಿತೇ ಎಂಬ ಪ್ರಶ್ನೆಯಿಂದ. ಮುಗಿದಿಲ್ಲದಿದ್ದರೆ ಹೊಸ ಚೀಟಿ ಬೇಡವೇ ಬೇಡ.

ಹಾಗಾದರೆ ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯಬೇಕು? ಮಾರ್ಗಸೂಚಿಯ ಪ್ರಕಾರ ತಿಂಗಳ ಸ್ಪ್ರಿಂಟಿಗೆ ಪ್ಲಾನಿಂಗ್ ಹೆಚ್ಚೆಂದರೆ 8 ಗಂಟೆ, ಆದ ಕೆಲಸ ತೋರಿಸುವ ರಿವ್ಯೂ 4, ರೆಟ್ರೊ 3. ಎರಡು ವಾರಕ್ಕೆ ಅರ್ಧ ಹಿಡಿದು, ದಿನದ ಹದಿನೈದು ನಿಮಿಷ ಸೇರಿಸಿದರೂ ಒಟ್ಟು 10 ಗಂಟೆ, ದಿನಕ್ಕೆ ಎಂಟರಂತೆ ಹಿಡಿದ ಎಂಬತ್ತರಲ್ಲಿ ಹತ್ತು. ಅದೂ ಗರಿಷ್ಠ ಮಿತಿ. ನಮ್ಮವರು ಇದನ್ನು ಮಂಗಳವಾರ ಮಧ್ಯಾಹ್ನದೊಳಗೆ ಮುಗಿಸಿ, ಮಿಕ್ಕ ವಾರಕ್ಕೆ ಹೊಸ ಇನ್ವೈಟ್ ಕಳಿಸುತ್ತಾರೆ.

ರಾತ್ರಿಯ ಕಾಲ್ ಒಂದು ಬಾಕಿ ಇದೆ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ ಎಂಟೂವರೆ ಬೇಸಿಗೆಯಲ್ಲಿ ನಮ್ಮ ರಾತ್ರಿ ಒಂಬತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸಿಕೊಳ್ಳುತ್ತಾರೆ, ನಮ್ಮದು ಹತ್ತಾಗುತ್ತದೆ. ಅವರ ಕಾಫಿಯ ಹೊತ್ತು ಮಾತ್ರ ಒಂದು ನಿಮಿಷ ಅಲುಗುವುದಿಲ್ಲ. ಮಾರ್ಚ್ ಎರಡನೇ ಭಾನುವಾರದವರೆಗೆ ಇಲ್ಲಿ ಹದಿನೆಂಟು ಮನೆಗಳಲ್ಲಿ ಮಕ್ಕಳಿಗೆ "ಶ್, ಅಪ್ಪ ಕಾಲ್‌ನಲ್ಲಿದ್ದಾರೆ", "ಅಮ್ಮ ಕಾಲ್‌ನಲ್ಲಿದ್ದಾಳೆ". ಆ ಕಡೆ ಇರುವುದು ಒಬ್ಬ ಡೈರೆಕ್ಟರ್, ಅವರೂ ಕಾರು ಓಡಿಸುತ್ತಾ ಅರ್ಧ ಕೇಳಿಸಿಕೊಳ್ಳುವವರು. ಅವರು ಬೆಳಿಗ್ಗೆ ಆರೂವರೆಗೆ ಎದ್ದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ಏಳು, ಚಳಿಗಾಲದಲ್ಲಿ ಎಂಟು. ವಾರಕ್ಕೆರಡು ದಿನ ಏಳಲಿ. ಆಗುವುದಿಲ್ಲವೇ? ಹಾಗಿದ್ದರೆ ಸಂಜೆ ಆರಕ್ಕೆ ಹತ್ತು ಸಾಲು ಬರೆದು ತಂಡದ ಚಾಟ್ ಚಾನೆಲ್‌ಗೆ ಹಾಕುತ್ತೇವೆ: ಏನು ಮುಗಿದಿದೆ, ಏನು ಸಿಕ್ಕಿಕೊಂಡಿದೆ, ನಿಮ್ಮಿಂದ ಯಾವ ನಿರ್ಧಾರ ಬೇಕು. ಎದ್ದ ಮೇಲೆ ಓದಿಕೊಳ್ಳಲಿ.