ಹಳದಿ ಮುಖದವರ ದೇಶ

ತಮ್ಮ ದೇಶವನ್ನು ತಾವೇ ಗೇಲಿ ಮಾಡುವ ವಿದ್ಯೆಯಲ್ಲಿ ಅಮೆರಿಕದ ಕಾರ್ಟೂನು ಧಾರಾವಾಹಿಗಳು ಪಳಗಿದ ಕೈಗಳು. 1989ರಲ್ಲಿ ಆರಂಭವಾದ ‘ದಿ ಸಿಂಪ್ಸನ್ಸ್’ ತನ್ನ ಸ್ಪ್ರಿಂಗ್‌ಫೀಲ್ಡ್ ಊರು ಯಾವ ರಾಜ್ಯದಲ್ಲಿದೆಯೆಂದು ಹೇಳದೆ ಜಾರಿಕೊಳ್ಳುತ್ತಲೇ ಬಂದಿದೆ. ಆದ್ದರಿಂದ ಅಣುಸ್ಥಾವರದ ಸುರಕ್ಷತೆಯ ಹೊಣೆ ಹೊತ್ತು ಅಲ್ಲಿಯೇ ಗೊರಕೆ ಹೊಡೆಯುವ ಕಥಾನಾಯಕ ಹೋಮರನನ್ನು ಕಂಡು, ನಮ್ಮೂರಿನ ಮಾನ ಹೋಯಿತೆಂದು ಯಾರೂ ಬೀದಿಗಿಳಿಯುವಂತಿಲ್ಲ. ನಟನಾಗಿದ್ದರೆ ಅವನ ಜಾತಿ, ಪಕ್ಷ, ಹಳೆಯ ಭಾಷಣಗಳನ್ನೆಲ್ಲ ಕೆದಕಬಹುದಿತ್ತು. ಗೆರೆಯಲ್ಲಿ ಮೂಡಿದ ಹಳದಿ ಮುಖವನ್ನು ಹಿಡಿದು ಏನೆಂದು ಕೇಳುವುದು?

ಪೇಚು ಹುಟ್ಟುವುದು ನೆರೆಮನೆಯವರನ್ನು ನಗೆಗೆ ಎಳೆದಾಗ. 2002ರಲ್ಲಿ ಹೋಮರನ ಕುಟುಂಬ ಬ್ರೆಜಿಲಿಗೆ ಹೋದ ಕಂತನ್ನು ಕಂಡು ರಿಯೊ ನಗರದ ಪ್ರವಾಸೋದ್ಯಮ ಮಂಡಳಿ ಮೊಕದ್ದಮೆಯ ಬೆದರಿಕೆ ಹಾಕಿತು. ಅದೇ ಧಾರಾವಾಹಿಯ ಕಿರಾಣಿ ಅಂಗಡಿಯ ಅಪು ನಮ್ಮವನೇ. ಅವನ ಇಂಗ್ಲಿಷಿನ ಭಾರತೀಯ ಎಳೆತಕ್ಕೆ ದನಿಯಾಗಿದ್ದವರು ಮಾತ್ರ ಹ್ಯಾಂಕ್ ಅಜಾರಿಯಾ ಎಂಬ ಅಮೆರಿಕನ್ ನಟ. 2017ರಲ್ಲಿ ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು ಈ ಪಾತ್ರವನ್ನು ಪ್ರಶ್ನಿಸಿ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಅಪುವಿಗೆ ದನಿ ಕೊಡುವುದರಿಂದ ಹಿಂದೆ ಸರಿದರು. ಬೆಳಗಾವಿಯಲ್ಲಿ ಕುಳಿತು ಅಪುವನ್ನು ನೋಡಿ ನಗುವುದು ನಮಗೆ ಸುಲಭ, ಏಕೆಂದರೆ ನಮ್ಮ ಮಕ್ಕಳನ್ನು ಶಾಲೆಯಲ್ಲಿ ಆ ಹೆಸರಿನಿಂದ ಕರೆದು ಚುಡಾಯಿಸುವವರಿಲ್ಲ.

ನಮ್ಮೂರಿಗೂ ಇಂತಹದೊಂದು ಕಾರ್ಟೂನು ಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಾಯಕ ಒಬ್ಬ ಪೇಂಟರ್. ಒಂದು ಓಣಿಯಲ್ಲಿ ಕನ್ನಡ ಬೋರ್ಡು, ಮುಂದಿನ ಓಣಿಯಲ್ಲಿ ಮರಾಠಿ ಬೋರ್ಡು ಬರೆಯುತ್ತಾನೆ. ಯಾರು ಯಾರ ಬೋರ್ಡಿಗೆ ಮಸಿ ಬಳಿದರೂ ಮರುದಿನ ಕರೆ ಬರುವುದು ಅವನಿಗೇ. ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಮರಾಠಿ ಸಂಘಟನೆಯವರ ಕರಾಳ ದಿನಾಚರಣೆ ನಡೆಯುವಾಗ ಎರಡೂ ಕಡೆಯ ಬ್ಯಾನರುಗಳ ಬಾಕಿ ಹಣಕ್ಕಾಗಿ ಅವನು ಗುಂಪಿನಿಂದ ಗುಂಪಿಗೆ ಅಲೆಯುತ್ತಾನೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೂ ಒಂದು ಪಾತ್ರ ಕೊಡಬಹುದು: ಚಳಿಗಾಲದ ಅಧಿವೇಶನಕ್ಕೆ ಕಣ್ಣುಜ್ಜಿಕೊಂಡು ಎದ್ದು, ಬೆಂಗಳೂರಿನವರಿಗೆ ನಮಸ್ಕಾರ ಹೇಳಿ, ಮತ್ತೆ ಮಗ್ಗುಲು ಬದಲಿಸುವ ಪಾತ್ರ.

ಅಕ್ಕನ ಮಗನಿಗೆ ಈ ಕಥೆ ಹೇಳಿದಾಗ ಅವನು, “ಮಾಮಾ, ಮೊದಲ ಕೇಸ್ ಯಾರ ಹಾಕ್ತಾರ, ಅವರೋ ಇವರೋ?” ಎಂದು ಕೇಳಿದ. ನನ್ನ ಚಿಂತೆ ಬೇರೆಯೇ ಇತ್ತು. ಪೇಂಟರನಿಗೆ ದನಿ ಕೊಡುವವರು ನಮ್ಮ ಕಡೆಯ ಮಾತೆಂದರೆ ಪ್ರತಿ ಶಬ್ದಕ್ಕೂ ಒಂದು ‘ರೀ’ ಹಚ್ಚುವುದೆಂದು ತಿಳಿದ, ಬೆಂಗಳೂರಿನ ಸ್ಟುಡಿಯೋದವರಾಗಬಾರದು. ಖಡೇಬಜಾರಿನಲ್ಲಿ ಒಂದೇ ಉಸಿರಿನಲ್ಲಿ ಎರಡೂ ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲವರೇ ಆಗಬೇಕು.