ಅವನ ತಲೆಯನ್ನು ಹೊಗಳುವ ಮುನ್ನ

ಇಂದು ಬೆಳಿಗ್ಗೆ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಬರುವಾಗ ಮೆಟ್ರೊದಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರು ಹುಡುಗರು ಒಂದೇ ಇಯರ್‌ಫೋನನ್ನು ಹಂಚಿಕೊಂಡು ಸರಣಿ ಹಂತಕ ಸಯನೈಡ್ ಮೋಹನನ ಕುರಿತ ವಿಡಿಯೊ ನೋಡುತ್ತಿದ್ದರು. "ಎಂಥಾ ತಲೆ ಮಚ್ಚಾ! ಅಷ್ಟು ವರ್ಷ ಯಾರ ಕೈಗೂ ಸಿಕ್ಕಿಲ್ಲ" ಎಂದು ಒಬ್ಬ ಮೆಚ್ಚಿಕೊಂಡ. ಆ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ಮನಸ್ಸು ಕುದಿಯುತ್ತಿದೆ.

ನಾನು ಬಂಟ್ವಾಳದ ಕಡೆಯವಳೆಂಬುದು ನಿಮಗೆ ಗೊತ್ತೇ ಇದೆ. ಆ ಕಡೆಯವನೇ ಆದ, ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ಆ ಮನುಷ್ಯ, ವರದಕ್ಷಿಣೆ ಕೊಡಲಾಗದೆ ಮದುವೆ ಮುಂದೆ ಹೋಗುತ್ತಿದ್ದ ಬಡ ಮನೆಗಳ ಹೆಣ್ಣುಮಕ್ಕಳನ್ನೇ ಹುಡುಕಿ, ಏನೂ ಕೇಳದೆ ಮದುವೆಯಾಗುತ್ತೇನೆಂದು ನಂಬಿಸುತ್ತಿದ್ದ. ದೂರದ ಊರಿನ ಲಾಡ್ಜ್‌ನಲ್ಲಿ ರಾತ್ರಿ ಕಳೆದ ಮೇಲೆ, ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ತಡೆಯುವ ಗುಳಿಗೆಯೆಂದು ಸಯನೈಡ್ ಕೊಟ್ಟು ಶೌಚಾಲಯಕ್ಕೆ ಕಳುಹಿಸುತ್ತಿದ್ದ. ಮೈಸೂರು, ಮಡಿಕೇರಿ, ಹಾಸನಗಳಲ್ಲಿ ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು ಒಡೆದಾಗ ರೇಷ್ಮೆ ಸೀರೆಯುಟ್ಟ ಹೆಣ್ಣಿನ ಶವ ಸಿಗುತ್ತಿತ್ತು. ಅಸಹಜ ಸಾವೆಂದು ಕಡತ ಮುಚ್ಚುತ್ತಿತ್ತು. 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳು ಹೀಗೆ ಹೋದರು. ಇದಕ್ಕೆ ಯಾವ ಮಹಾ ತಲೆಯೂ ಬೇಕಿರಲಿಲ್ಲ. ಓಡಿಹೋದ ಮಗಳ ಹೆಸರೆತ್ತಲು ಮನೆಯವರು ನಾಚಿದರು, ದೂರು ಕೊಟ್ಟರೆ ತಂಗಿಯರ ಮದುವೆ ನಿಂತೀತೆಂದು ಹೆದರಿದರು. ಅವನು ನೆಚ್ಚಿದ್ದು ಈ ಮೌನವನ್ನೇ.

'ಸಯನೈಡ್ ಮಲ್ಲಿಕಾ' ಎಂದು ಕರೆಸಿಕೊಂಡ ನಮ್ಮ ಬೆಂಗಳೂರಿನ ಕೆಂಪಮ್ಮನೂ ಇಂಥ ಬಿರುಕನ್ನೇ ಹುಡುಕಿದಳು. 1999ರಿಂದ 2007ರ ನಡುವೆ ಆಕೆ ಕೊಂದ ಆರೂ ಮಂದಿ ಹೆಂಗಸರು. ಮಕ್ಕಳಿಲ್ಲವೆಂದೋ ಕಾಯಿಲೆಯೆಂದೋ ದೇವರ ಮುಂದೆ ಕಣ್ಣೀರಿಡುವವರನ್ನು ಗುಡಿಗಳಲ್ಲಿ ಗುರುತು ಹಿಡಿದು, ವಿಶೇಷ ಪೂಜೆ ಮಾಡಿಸುತ್ತೇನೆ, ಒಡವೆಯೆಲ್ಲ ಹಾಕಿಕೊಂಡು ಬಾ ಎನ್ನುತ್ತಿದ್ದಳು.

ಬಾಲ್ಯದ ಹಿಂಸೆ, ಕೆಟ್ಟ ಮನೆ, ಮಿದುಳಿನ ಪೆಟ್ಟು ಇವೆಲ್ಲ ಕಾರಣವಲ್ಲವೇ ಎಂದು ನೀವು ಕೇಳಬಹುದು. ಇರಬಹುದು, ಅನೇಕ ಸರಣಿ ಹಂತಕರ ಬಾಲ್ಯದಲ್ಲಿ ಅಂಥ ಗಾಯಗಳಿವೆ. ಆದರೆ ಪೆಟ್ಟು ತಿಂದು ಬೆಳೆದ ಅಸಂಖ್ಯ ಮಕ್ಕಳು ಯಾರನ್ನೂ ಕೊಲ್ಲುವುದಿಲ್ಲ. ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು ಮುಂದಿನ ಹಿಂಸೆಯ ಸೂಚನೆಗಳೆಂದು 1963ರಲ್ಲಿ ಮನೋವೈದ್ಯ ಮ್ಯಾಕ್‌ಡೊನಾಲ್ಡ್ ಮುಂದಿಟ್ಟ ವಾದವನ್ನು ಆ ವಿಡಿಯೊಗಳು ಇಂದಿಗೂ ಉರು ಹೊಡೆಯುತ್ತವೆ. ನಂತರದ ಸಂಶೋಧನೆಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಮೆರಿಕದ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗ್ಗರ್, ಬದುಕಿದ್ದಾಗಲೇ ಸಮಾಜ ಲೆಕ್ಕಕ್ಕಿಡದವರನ್ನು 'ಕಡಿಮೆ ಸತ್ತವರು' ಎಂದು ಕರೆದ, ಅಂದರೆ ಸತ್ತರೂ ಅವರ ಸಾವು ಉಳಿದವರ ಸಾವಿನಷ್ಟು ಲೆಕ್ಕಕ್ಕೆ ಬರುವುದಿಲ್ಲ. ನನಗೆ ನಮ್ಮೂರು ಅರ್ಥವಾದದ್ದು ಆ ಎರಡು ಪದಗಳಿಂದ.

ಒಂದು ವಿಷಯವನ್ನು ನಾನು ಒಪ್ಪಿಕೊಳ್ಳಬೇಕು. 2009ರಲ್ಲಿ ಮೋಹನ ಸಿಕ್ಕಿಬಿದ್ದ ಸುದ್ದಿಯನ್ನು ಊರಿನ ಮನೆಯ ಜಗಲಿಯಲ್ಲಿ ಓದುತ್ತಾ ನಾನೂ, "ಗುರುತಿಲ್ಲದವನ ಹಿಂದೆ ಇವರೆಲ್ಲ ಯಾಕೆ ಹೋದದ್ದಮ್ಮ?" ಎಂದಿದ್ದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರದಿಂದ ತಲೆಯೆತ್ತದೆ, "ಹೋಗದಿದ್ದರೆ ನೀನೇನು ಗಂಡು ಹುಡುಕಿ ಕೊಡ್ತಿದ್ದೆಯಾ?" ಎಂದರು. ಆಚೆ ಮನೆಯ ಜಗಲಿಯಲ್ಲಿ ಆಗಲೂ ಮೂವರು ಅಕ್ಕತಂಗಿಯರು ಬೀಡಿ ಕಟ್ಟುತ್ತಾ ಕುಳಿತಿದ್ದರು. ಹಿರಿಯವಳಿಗೆ ಮೂವತ್ತೈದು ದಾಟಿತ್ತು.